ಚೀನಾದ ಕೋಟೆಬಾಗಿಲಲ್ಲಿ ಚಪ್ಪಲಿ ಬಿಟ್ಟವರು

ಅವರ ಹೆಸರು ಬರೆಯುವುದಿಲ್ಲ. ಬರೆದರೆ ಅವರ ಹಟ್ಟಿಯ ಹೆಸರೂ ಹೊರಗೆ ಬರುತ್ತದೆ, ಹಟ್ಟಿಯವರನ್ನು ನಾಲ್ಕು ಜನ ಬಾಯಿಗೆ ಬಂದಂತೆ ಆಡಿಕೊಳ್ಳುತ್ತಾರೆ, ಅದು ಅವರಿಗೆ ಇಷ್ಟವಾಗುತ್ತಿರಲಿಲ್ಲ. ಹಟ್ಟಿಯನ್ನು ಬೈಯುವ ಹಕ್ಕು ತಮಗೊಬ್ಬರಿಗೇ ಇದೆ ಎಂದು ತಿಳಿದಿದ್ದರು. ಆ ಹಕ್ಕನ್ನು ಬಳಸದೆ ಜೋಪಾನವಾಗಿ ಇಟ್ಟುಕೊಂಡೂ ಇದ್ದರು. ಹೋದ ಆಷಾಢದಲ್ಲಿ ತೀರಿಕೊಂಡರು. ಮಧುಗಿರಿಯಲ್ಲಿ ಅವರನ್ನು ಬಲ್ಲವರೆಲ್ಲ ಸೈನ್ಸ್ ಟೀಚರಮ್ಮ ಅನ್ನುತ್ತಿದ್ದರು, ನಾನು ಅಕ್ಕಾ ಅನ್ನುತ್ತಿದ್ದೆ.

ಮಧುಗಿರಿಯಿಂದ ಸಿರಾಕ್ಕೆ ಹೋಗುವ ರಸ್ತೆಯ ಪಕ್ಕದ ಸರ್ಕಾರಿ ಹೈಸ್ಕೂಲಿಗೆ ನಾನು ಕನ್ನಡ ಪಾಠ ಮಾಡಲು ಹೋದಾಗ ಅವರು ಅಲ್ಲಿ ಆಗಲೇ ಹಳಬರು. ಮದುವೆಯಾದ ಎರಡು ವರ್ಷಕ್ಕೇ ಗಂಡ ತೀರಿಕೊಂಡಿದ್ದರಿಂದ ಅವ್ವನ ಹಟ್ಟಿಗೆ ವಾಪಸಾಗಿದ್ದರು. ಅವ್ವ, ತಮ್ಮ, ತಮ್ಮನ ಹೆಂಡತಿ, ಅವರಿಗೊಬ್ಬಳು ಮಗಳು, ಇಷ್ಟೇ ಸಂಸಾರ. ಹಟ್ಟಿಯಿಂದ ಶಾಲೆಗೆ ಎರಡು ಮೈಲಿ, ಬಸ್ಸಿಲ್ಲ, ನಡೆದೇ ಬರುತ್ತಿದ್ದರು. ಕುರಿ ಕಾಯುತ್ತಿದ್ದ ಅಪ್ಪನ ಹಿಂದೆ ತಿರುಗಿ ಬೆಳೆದ ಕಾಲು. ಜೊತೆಗೆ ನಡೆದರೆ ನಮಗೆ ಏದುಸಿರು. ಕುರಿ ತಿರುಗಿಸುವವರು ನಾಲಿಗೆಯಲ್ಲಿ ಒಂದು ಸದ್ದು ಮಾಡುತ್ತಾರಲ್ಲ, ಬೆಳಗಿನ ಪ್ರಾರ್ಥನೆಗೆ ಮಕ್ಕಳನ್ನು ಸಾಲಿಗೆ ತರಲು ಅವರಿಗೆ ಅದೊಂದು ಸದ್ದು ಸಾಕಾಗಿತ್ತು. ಪಿ.ಟಿ. ಮೇಷ್ಟ್ರ ಸೀಟಿ ಡ್ರಾಯರಿನಲ್ಲೇ ತುಕ್ಕು ಹಿಡಿಯಿತು.

ಹತ್ತನೇ ತರಗತಿಗೆ ಸಂತಾನೋತ್ಪತ್ತಿಯ ಪಾಠ ಒಂದಿದೆ. ಎಷ್ಟೋ ಮೇಷ್ಟ್ರುಗಳು "ಮನೇಲಿ ಓದ್ಕೊಳ್ಳಿ" ಎಂದು ದಾಟಿಸಿಬಿಡುವ ಪಾಠ. ಅವರು ಹುಡುಗ ಹುಡುಗಿಯರನ್ನು ಒಟ್ಟಿಗೇ ಕೂರಿಸಿ, ಬೋರ್ಡಿನ ತುಂಬ ಗರ್ಭಕೋಶದ ಚಿತ್ರ ಬರೆದು, ಮುಟ್ಟು ಅಂದರೇನು, ಯಾಕಾಗುತ್ತದೆ, ಅದರಲ್ಲಿ ಕೊಳಕೇನೂ ಇಲ್ಲ ಎಂದು ಒಂದು ಚೂರೂ ತಡವರಿಸದೆ ಹೇಳುತ್ತಿದ್ದರು. ಕಿಸಕ್ಕೆಂದ ಹುಡುಗನನ್ನು ಎಬ್ಬಿಸಿ, ಅದೇ ಚಿತ್ರ ಬರೆಸಿ, ಭಾಗಗಳನ್ನು ಗುರುತಿಸು ಅನ್ನುತ್ತಿದ್ದರು. ನಾನು ಮೊದಲ ಸಲ ಆ ಪಾಠವನ್ನು ಕಿಟಕಿಯಿಂದ ಕದ್ದು ಕೇಳಿದ ಮಾರನೆಯ ದಿನ ಅವರು ಶಾಲೆಗೆ ಬಂದದ್ದು ಮನೆಯಿಂದಲ್ಲ, ಹಟ್ಟಿಯ ಬೇಲಿಯಾಚೆಯ ಗುಡಿಸಲಿನಿಂದ. ಸ್ಟಾಫ್ ರೂಮಿನಲ್ಲಿ ನೀರಿನ ಕೊಳಗ ಮುಟ್ಟದೆ, ಬಾಗಿಲ ಹತ್ತಿರದ ಕುರ್ಚಿಯಲ್ಲಿ, ತಮ್ಮ ಬಾಟಲಿಯ ನೀರು ಕುಡಿಯುತ್ತ ಕೂತಿದ್ದರು. ಹಾಗೆ ಕೂರಿ ಎಂದು ಶಾಲೆಯಲ್ಲಿ ಯಾರೂ ಅವರಿಗೆ ಹೇಳಿರಲಿಲ್ಲ.

ಅವರ ಹಟ್ಟಿಯ ಸುತ್ತ ಮುಳ್ಳಿನ ಬೇಲಿ. ಬೇಲಿಯೊಳಗೆ ದೇವರ ಓಡಾಟವಿದೆ ಎಂಬ ನಂಬಿಕೆ. ಅದಕ್ಕೇ ಒಳಗೆ ಯಾರೂ ಚಪ್ಪಲಿ ಮೆಟ್ಟುವಂತಿಲ್ಲ, ಮುಟ್ಟಾದವರು ಮೂರು ದಿನ ಹೊರಗಿರಬೇಕು, ಹೆತ್ತವಳು ಮಗುವಿನ ಸಮೇತ ಎರಡು ತಿಂಗಳವರೆಗೂ ಹೊರಗಿನ ಗುಡಿಸಲಲ್ಲಿರಬೇಕು. ನನಗೆ ಆಗ ಬಾಯಿ ಜೋರು, ಈಗಲೂ ಕಡಿಮೆಯೇನಲ್ಲ. "ಏನಕ್ಕಾ ಇದು, ಬೋರ್ಡ್ ಮೇಲೆ ಒಂದು, ಮನೇಲಿ ಒಂದಾ?" ಎಂದೆ.

ಅವರು ಸೀಮೆಸುಣ್ಣವನ್ನು ಎರಡು ತುಂಡು ಮಾಡುತ್ತ, "ಬೋರ್ಡು ಸರ್ಕಾರದ್ದು ಕಣಮ್ಮ. ಹಟ್ಟಿ ನಮ್ಮವ್ವಂದು" ಅಂದರು.

ಆಮೇಲಿನ ವರ್ಷಗಳಲ್ಲಿ ಈ ಮಾತನ್ನು ನಾನು ಹತ್ತಾರು ಬಗೆಯಲ್ಲಿ ಕೆದಕಿದ್ದೇನೆ, ಸ್ಟಾಫ್ ರೂಮಿನಲ್ಲಿ ನಾಲ್ಕು ಜನರ ಮುಂದೆ ಹಂಗಿಸಿದ್ದೂ ಉಂಟು. ಅವರ ಅವ್ವ ಮೊದಲ ಎರಡು ಗಂಡುಮಕ್ಕಳನ್ನು ಎಳೆತನದಲ್ಲೇ ಕಳೆದುಕೊಂಡವರು. ಬೇಲಿಯೊಳಗೆ ಮೈಲಿಗೆಯಾದರೆ ಉಳಿದೊಬ್ಬ ಮಗನಿಗೂ ಏನಾದರೂ ಆಗುತ್ತದೆ ಎಂಬ ಹೆದರಿಕೆ ಆ ಮುದುಕಿಯನ್ನು ಬಿಟ್ಟಿರಲಿಲ್ಲ. ಮಗಳಿಗೆ ದೇವರ ಭಯವಿರಲಿಲ್ಲ, ಅವ್ವನ ಭಯದ ಭಯವಿತ್ತು. "ಅವ್ವ ಇರೋಗಂಟ ಇಂಗೇ ನಡೀಲಿ ಬುಡು, ಮೂರು ದಿನ ತಾನೆ" ಅನ್ನುತ್ತಿದ್ದರು. ತಿಂಗಳಿಗೆ ಮೂರು ದಿನ ಕೂಡಿಸುತ್ತ ಹೋದರೆ ಒಬ್ಬ ಹೆಂಗಸಿನ ಎಷ್ಟು ವರ್ಷ ಗುಡಿಸಲಿಗೆ ಹೋಗುತ್ತದೆಂದು ಮಕ್ಕಳಿಗೆ ಲೆಕ್ಕ ಕೊಡಿ ಎಂದು ನಾನು ಒಮ್ಮೆ ಅಂದುಬಿಟ್ಟೆ. ಅವತ್ತು ಅವರು ನನ್ನ ಜೊತೆ ಊಟ ಮಾಡಲಿಲ್ಲ.

ಅವರು ನಿವೃತ್ತರಾದ ವರ್ಷ ತಮ್ಮನ ಮಗಳು ಮೊದಲ ಹೆರಿಗೆಗೆ ತವರಿಗೆ ಬಂದಳು. ಅವಳನ್ನು ಎತ್ತಿ ಆಡಿಸಿದ್ದು, ಓದಿಸಿದ್ದು ಎಲ್ಲ ಇವರೇ. ಆಗ ಮಧುಗಿರಿಯಲ್ಲಿ ಬೆಟ್ಟದ ಕೆಳಗಿನ ಓಣಿಯಲ್ಲಿ ಎರಡು ಕೋಣೆಯ ಮನೆಯೊಂದನ್ನು ಬಾಡಿಗೆಗೆ ಹಿಡಿದರು. ಪುಸ್ತಕ ಇಟ್ಟುಕೊಳ್ಳುವುದಕ್ಕೆ ಎಂದು ಅವ್ವನಿಗೆ ಹೇಳಿದರು. ಬಾಣಂತಿ ಮಗುವನ್ನು ಅಲ್ಲೇ ಇಟ್ಟುಕೊಳ್ಳುವುದಕ್ಕೆ ಎಂದು ನನಗೆ ಹೇಳಿದರು. ಜನ್ಮದಲ್ಲೇ ಮೊದಲ ಸಲ ಅವ್ವನ ಮಾತು ಮೀರಲು ಹೊರಟಿದ್ದರು. ಅವ್ವನ ಮುಂದೆ ಕೂತು ನಿಜ ಹೇಳುವುದೊಂದು ಬಾಕಿ, ಅದನ್ನು ಯುಗಾದಿ ಆಗಲಿ, ಮದುವೆಗಳು ಮುಗಿಯಲಿ ಎಂದು ಮುಂದಕ್ಕೆ ಹಾಕುತ್ತಲೇ ಹೋದರು.

ಈ ನಡುವೆ ಅವರನ್ನು ಚೀನಾಕ್ಕೆ ಎಳೆದುಕೊಂಡು ಹೋದದ್ದು ನಾನು. ಮೇ ರಜೆಯಲ್ಲಿ ಶಿಕ್ಷಕರ ಗುಂಪೊಂದು ಪ್ರವಾಸ ಹೊರಟಿತ್ತು, ನನಗೆ ಕೋಣೆಯಲ್ಲಿ ಜೊತೆ ಬೇಕಿತ್ತು. ಹೆರಿಗೆಗೆ ಇನ್ನೂ ಒಂದೂವರೆ ತಿಂಗಳಿದೆ, ಅಷ್ಟರಲ್ಲಿ ಹೋಗಿ ಬಂದೇಬಿಡಬಹುದು ಎಂದು ಪುಸಲಾಯಿಸಿದೆ. "ಬಂದ ತಕ್ಷಣ ಅವ್ವಂಗೆ ಯೋಳ್ಬುಡ್ತೀನಿ" ಎಂದು ಬಾಡಿಗೆ ಮನೆಯ ಬೀಗದ ಕೈಯನ್ನು ಪರ್ಸಿನಲ್ಲೇ ಇಟ್ಟುಕೊಂಡು ಹೊರಟರು. ಈಗ ನೆನೆದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಐದನೆಯ ದಿನವೋ ಆರನೆಯ ದಿನವೋ ನಮ್ಮನ್ನು ಸುತ್ತ ಕೋಟೆಯಿರುವ ಒಂದು ಹಳೆಯ ಊರಿಗೆ ಕರೆದೊಯ್ದರು. ನಮ್ಮ ಮಧುಗಿರಿ ಕೋಟೆ ಬೆಟ್ಟದ ಮೇಲಿದ್ದು, ಊರು ಕೆಳಗೆ ಹರಡಿಕೊಂಡಿದೆ. ಅಲ್ಲಿ ಹಾಗಲ್ಲ, ಇಡೀ ಊರೇ ಕೋಟೆಯೊಳಗೆ. ಎತ್ತಿನಗಾಡಿ ಓಡಿಸಬಹುದಾದಷ್ಟು ದಪ್ಪದ ಗೋಡೆ, ಸುರಂಗದಂತಹ ಹೆಬ್ಬಾಗಿಲು. ಹಿಂದೆ ಸಂಜೆಯಾದರೆ ಬಾಗಿಲು ಹಾಕಿಬಿಡುತ್ತಿದ್ದರು, ಆಮೇಲೆ ಯಾರೂ ಒಳಗೆ ಬರುವಂತಿಲ್ಲ, ಹೊರಗೆ ಹೋಗುವಂತಿಲ್ಲ ಎಂದು ಗೈಡ್ ಹುಡುಗಿ ಇಂಗ್ಲಿಷಿನಲ್ಲಿ ಹೇಳಿದಳು.

ಆ ಬಾಗಿಲ ಹೊರಗೇ ಫೋನು ಬಂದದ್ದು. ಚೀನಾಕ್ಕೆ ಕಾಲಿಟ್ಟಾಗಿನಿಂದ ನಮ್ಮಿಬ್ಬರ ಫೋನುಗಳು ಕೆಲಸ ಮಾಡುತ್ತಿರಲಿಲ್ಲ, ಮನೆಯವರಿಗೆಲ್ಲ ಪ್ರವಾಸದ ಮ್ಯಾನೇಜರ್ ನಂಬರು ಕೊಟ್ಟಿದ್ದೆವು. ಆತ ಫೋನನ್ನು ಅವರ ಕೈಗೆ ಕೊಟ್ಟ. ತಮ್ಮನ ದನಿ ಪಕ್ಕದಲ್ಲಿದ್ದ ನನಗೂ ಕೇಳುವಷ್ಟು ಜೋರಾಗಿತ್ತು.

"ಅಕ್ಕಾ, ಮಗ್ಳಿಗೆ ಹೆರಿಗೆ ಆಗ್ಬುಡ್ತು. ಹೆಣ್ಣು ಕೂಸು. ದಿನ ತುಂಬ್ಲಿಲ್ಲ ನೋಡು, ಎರಡು ಕೆಜಿ ಮ್ಯಾಲೆ ಚೂರು ಐತೆ ಅಷ್ಟೇಯ. ಸಿರಾ ಆಸ್ಪತ್ರೇಲವ್ರೆ, ನಾಳಿದ್ದು ಬುಡ್ತಾರಂತೆ. ಅವ್ವ ಗುಡಿಸ್ಲಿಗೆ ಹೊಸಾ ಗರಿ ಹೊದಿಸ್ತಾವ್ಳೆ."

"ಬಿಸ್ಲು ಹೆಂಗೈತೆ?"

"ಉರೀತೈತೆ. ಸಾಯಂಕಾಲ ಆದ್ರೆ ಗುಡುಗು, ಮಳೆ. ನಾನೇನ್ ಮಾಡ್ಲಕ್ಕಾ?"

"ಯೋಳ್ತೀನಿ, ತಡಿ" ಎಂದು ಫೋನನ್ನು ಮ್ಯಾನೇಜರಿಗೆ ಕೊಟ್ಟುಬಿಟ್ಟರು. ನಾವು ಮನೆ ಸೇರುವುದಕ್ಕೆ ಇನ್ನೂ ಐದು ದಿನವಿತ್ತು. ಗುಂಪಿನ ವಿಮಾನ, ಗುಂಪಿನ ವೀಸಾ, ಒಬ್ಬರೇ ಮುಂಚೆ ಹೊರಡುವ ಹಾಗಿರಲಿಲ್ಲ. ನಾನು ಅವರ ಕೈ ಹಿಡಿದುಕೊಂಡೆ, ಎಲ್ಲರ ಜೊತೆ ಬಾಗಿಲೊಳಗೆ ನಡೆದೆವು.

ಆ ಬಾಗಿಲ ಪಕ್ಕದ ಗೂಡಿನಲ್ಲಿ ಯಾವುದೋ ದೇವರಿತ್ತು, ಮುಂದೆ ಊದುಕಡ್ಡಿ ಹೊಗೆಯಾಡುತ್ತಿತ್ತು. ನಾನು ಅವರ ಕೈ ಬಿಟ್ಟು, ಅದನ್ನು ನೋಡಿ ಮುಂದೆ ಹೋದೆ. ಇನ್ನೂರು ಹೆಜ್ಜೆ ನಡೆದ ಮೇಲೆ ನೋಡುತ್ತೇನೆ, ಅವರ ಕಾಲಲ್ಲಿ ಚಪ್ಪಲಿಯಿಲ್ಲ.

"ಅಯ್ಯೋ, ಎಲ್ಲಿ ಬಿಟ್ರಿ?"

"ಬಾಗ್ಲಾಗೆ. ದೇವ್ರಿತ್ತಲ್ಲ, ಊರೊಳಕ್ಕೆ ಹೋಗ್ತಾ ಇದೀವಲ್ಲ." ಆಮೇಲೆ ತಾವೇ ನಾಚಿಕೊಂಡರು. "ಗ್ಯಾನ ಇಲ್ದಂಗೆ ಬುಟ್ಬುಟ್ಟೆ ಕಣಮ್ಮ. ಬರೋವಾಗ ಮೆಟ್ಕತೀನಿ."

ಬರುವಾಗ ನಾವು ಆ ಬಾಗಿಲಿಂದ ಬರುವುದಿಲ್ಲ, ಬಸ್ಸು ಊರಿನ ಇನ್ನೊಂದು ಬಾಗಿಲಲ್ಲಿ ನಿಂತಿರುತ್ತದೆ ಎಂದು ಮ್ಯಾನೇಜರ್ ಹೇಳಿದಾಗ ನಾವು ಬಹಳ ದೂರ ಬಂದಿದ್ದೆವು. ಆ ಜನಜಂಗುಳಿಯಲ್ಲಿ ಹಿಂದಿರುಗುವ ಹಾಗಿರಲಿಲ್ಲ. ಅದು ವ್ಯಾಪಾರಿಗಳ ಬೀದಿ. ಎರಡೂ ಕಡೆ ಬೂದು ಇಟ್ಟಿಗೆಯ ಮಹಡಿ ಅಂಗಡಿಗಳು, ಕೆತ್ತನೆಯ ಮರದ ಮುಂಭಾಗ, ಸಾಲು ಕೆಂಪು ಲಾಟೀನು. ಜಾಡಿಗಳಲ್ಲಿ ಅಡುಗೆಗೆ ಹಾಕುವ ಕಪ್ಪಗಿನ ಹುಳಿ ನೀರು, ವಿನೆಗರ್, ಮಾರುವ ಅಂಗಡಿಗಳು, ಅದರ ವಾಸನೆ ಬೀದಿಯುದ್ದಕ್ಕೂ. ಒಂದು ಕಾಲಕ್ಕೆ ಆ ಬೀದಿಯವರು ಬರೆದುಕೊಟ್ಟ ಹುಂಡಿ ಚೀಟಿ ತೋರಿಸಿದರೆ ದೇಶದ ಯಾವ ಮೂಲೆಯಲ್ಲೂ ಹಣ ಸಿಗುತ್ತಿತ್ತಂತೆ. ಸವೆದು ನುಣುಪಾದ ಕಲ್ಲಿನ ಮೇಲೆ ಅಕ್ಕ ಬರಿಗಾಲಲ್ಲಿ, ಏನನ್ನೂ ನೋಡದೆ ನಡೆಯುತ್ತಿದ್ದರು. ಹಿಂದಿನಿಂದ ತಳ್ಳುತ್ತಿದ್ದ ಇನ್ನೊಂದು ಪ್ರವಾಸಿ ಗುಂಪು ಕಾಲು ತುಳಿದಾಗ ಮಾತ್ರ ತಿರುಗಿ ಆ ಕುರಿ ಸದ್ದು ಮಾಡಿದರು. ಹತ್ತು ಹನ್ನೆರಡು ಜನ ಚೀನೀಯರು ಗಕ್ಕನೆ ನಿಂತರು. ನಾನು ನಕ್ಕುಬಿಟ್ಟೆ, ಅವರು ನಗಲಿಲ್ಲ.

ಆ ಬೀದಿಯ ದೊಡ್ಡ ವ್ಯಾಪಾರಿಯೊಬ್ಬನ ಮನೆಯನ್ನು ಈಗ ನೋಡುಗರಿಗೆ ತೆರೆದಿಟ್ಟಿದ್ದಾರೆ. ಮುಂದೆ ಅಂಗಡಿ, ಅದರ ಹಿಂದೆ ಅಂಗಳ, ಅಂಗಳದ ಹಿಂದೆ ಇನ್ನೊಂದು ಬಾಗಿಲು, ಇನ್ನೊಂದು ಅಂಗಳ. ಕಟ್ಟಕಡೆಯಲ್ಲಿ ಹೆಣ್ಣುಮಕ್ಕಳ ಕೋಣೆ. ಇಟ್ಟಿಗೆಯ ಜಗಲಿಯಂತಹ ಹಾಸಿಗೆ, ಒಂದು ಚಿಕ್ಕ ಕಿಟಕಿ. ವ್ಯಾಪಾರಿಯ ಹೆಣ್ಣುಮಕ್ಕಳು ಮದುವೆಯಾಗಿ ಹೋಗುವ ತನಕ ಎರಡನೆಯ ಬಾಗಿಲು ದಾಟುತ್ತಿರಲಿಲ್ಲ, ಮನೆಯ ಮುಂದಿನ ಬೀದಿಯನ್ನೂ ನೋಡಿರುತ್ತಿರಲಿಲ್ಲ ಎಂದು ಗೈಡ್ ಹೇಳಿದಳು. ನಾನು ಅದನ್ನು ಕನ್ನಡದಲ್ಲಿ ಅಕ್ಕನಿಗೆ ಹೇಳಿದೆ. ಅಲ್ಲಿಯವರೆಗೆ ಯಾವುದನ್ನೂ ವಿಚಾರಿಸದಿದ್ದವರು ಆಗ ಕೇಳಿದರು:

"ಈ ಕದದ ಚಿಲ್ಕ ಯಾವ ಕಡೀಕೈತೆ? ಒಳಗೋ, ಹೊರಗೋ? ಕೇಳಮ್ಮ ಆ ಹುಡ್ಗೀನ."

ಗೈಡ್ ಹುಡುಗಿಗೆ ಗೊತ್ತಿರಲಿಲ್ಲ. ಯಾರೂ ಅದನ್ನು ಕೇಳಿರಲಿಲ್ಲವಂತೆ. ಅಲ್ಲೇ ಕಸ ಗುಡಿಸುತ್ತಿದ್ದ ಒಬ್ಬ ಮುದುಕಿಯನ್ನು ಅವಳು ವಿಚಾರಿಸಿದಳು. ಮುದುಕಿ ಪೊರಕೆ ಒರಗಿಸಿ, ಕದವನ್ನು ಅರ್ಧ ಮುಚ್ಚಿ, ಅದರ ಹಿಂದೆ ಅಡ್ಡ ಹಾಕುವ ಮರದ ಪಟ್ಟಿಯನ್ನು ತೋರಿಸಿದಳು. ಒಳಗಡೆಯೇ ಇತ್ತು. ಹೊರಗಡೆ ಏನೂ ಇರಲಿಲ್ಲ.

ಅಕ್ಕ ಆ ಪಟ್ಟಿಯನ್ನು ಒಂದು ಸಲ ಸರಿಸಿ ನೋಡಿದರು. ಸುಲಭವಾಗಿ ಸರಿಯಿತು. "ಇವರೇ ಹಾಕ್ಕಂತಿದ್ರು ಅನ್ನು" ಅಂದರು. ಪಟ್ಟಿಯನ್ನು ಮತ್ತೆ ಮೊದಲಿನ ಜಾಗಕ್ಕೆ ತಳ್ಳಿ, "ನಮ್ಮ ಗುಡಿಸ್ಲಿಗೂ ಹೊರಗ್ಲಿಂದ ಚಿಲ್ಕ ಇಲ್ಲ ಕಣಮ್ಮ. ಒಂದು ದಿನಾನಾದ್ರೂ ಯಾರೂ ನನ್ನ ಕೂಡಾಕಿಲ್ಲ" ಅಂದರು.

ಹೊರಗೆ ಬಂದವರೇ ಹುಳಿ ನೀರಿನ ಅಂಗಡಿಯೊಂದರ ಮೆಟ್ಟಿಲ ಮೇಲೆ ಕೂತು ಮ್ಯಾನೇಜರಿನ ಫೋನು ಕೇಳಿದರು. ಗುಂಪು ಮುಂದೆ ಹೋಗುತ್ತಿದೆ, ಹೋಟೆಲಿಗೆ ಹೋದ ಮೇಲೆ ಮಾತಾಡಿ ಮೇಡಂ ಎಂದು ಆತ ಗೋಗರೆದ. ಅವರು ಕೈ ಚಾಚಿಕೊಂಡೇ ಇದ್ದರು. ಕೊನೆಗೆ ಕೊಟ್ಟ.

"ಲೇ, ಕೇಳುಸ್ಕ" ಎಂದರು ತಮ್ಮನಿಗೆ. "ಮದುಗಿರೀಲಿ ನನ್ನ ಮನೆ ಐತಲ್ಲ, ಅದರ ಬೀಗ ಒಡಿ. ನಾಳಿದ್ದು ತಾಯಿ ಮಗೂನ ಆಸ್ಪತ್ರೆಯಿಂದ ಸೀದಾ ಅಲ್ಲಿಗೆ ಕರ್ಕಂಡೋಗು. ನಿನ್ನೆಂಡ್ರೂ ಜೊತೇಲಿರ್ಲಿ. ಹಟ್ಟಿ ಕಡೆ ಗಾಡಿ ತಿರುಗಿಸ್ಬ್ಯಾಡ."

"ಅವ್ವ ಸುಮ್ಕಿರ್ತಾಳಾ? ಬಾಣಂತೀನ ಇಟ್ಕಂಡಿರೋ ಮನೆಯಿಂದ ಮೈಲಿಗೇಲಿ ಹಟ್ಟಿಗೆ ಬರೋದು ಹೆಂಗೆ? ನಾಳೆ ನೀನು ಒಳಕ್ಕೆ ಬರೋದು ಹೆಂಗೆ?"

"ಅವ್ವಂಗೆ ಕೊಡು."

ಅವ್ವನ ಜೊತೆ ಅವರು ಹೆಚ್ಚು ಮಾತಾಡಲಿಲ್ಲ. ತಮ್ಮನಿಗೆ ಹೇಳಿದ್ದನ್ನೇ ಮತ್ತೆ ಹೇಳಿದರು, ಮಗುವಿನ ತೂಕ ಹೇಳಿದರು, ಕೊನೆಗೆ "ಇದೊಂದು ನನ್ನ ಮಾತು ನಡೀಲಿ ಅವ್ವಾ" ಎಂದರು. ಒತ್ತಿಕೊಂಡು ಕೂತಿದ್ದ ನನಗೆ ಆ ಕಡೆಯ ಮುದುಕಿಯ ದನಿ ಕೇಳಿಸಿತು, ಕೂಗಾಟವಿಲ್ಲದ, ಬಳಲಿದ ದನಿ: "ಮಾಡ್ಕ. ಆದ್ರೆ ನೀನಿನ್ನ ಹಟ್ಟಿ ಒಳಕ್ಕೆ ಬರಬ್ಯಾಡ."

"ಆತು" ಅಂದರು ಅಕ್ಕ.

ಆಮೇಲೆ ಎದ್ದು ಬಸ್ಸಿನ ತನಕ ಬರಿಗಾಲಲ್ಲೇ ನಡೆದರು. ಬೀದಿಯಲ್ಲಿ ಬಟ್ಟೆಯ ಚಪ್ಪಲಿ ಮಾರುತ್ತಿದ್ದರು, ಕೊಡಿಸುತ್ತೇನೆಂದರೆ ಬೇಡವೆಂದರು. ಕೋಟೆಬಾಗಿಲಲ್ಲಿ ಗುಂಪಿನ ಫೋಟೋ ತೆಗೆಯುವಾಗ ಎಲ್ಲರ ಜೊತೆ ನಿಂತರು. ಆ ಫೋಟೋ ನನ್ನ ಹತ್ತಿರ ಇದೆ. ಮುಂದಿನ ಐದು ದಿನ ಯಾವ ಊರು, ಯಾವ ಗೋಪುರ ನೋಡಿದೆವೋ ನನಗೂ ನೆನಪಿಲ್ಲ. ದಿನಕ್ಕೆರಡು ಸಲ ಮ್ಯಾನೇಜರಿನ ಹಿಂದೆ ಬಿದ್ದು ಫೋನು ಮಾಡುವುದು, ಮಗು ಹಾಲು ಕುಡಿಯಿತಾ ಎಂದು ಕೇಳುವುದು, ಮತ್ತೆ ಬಸ್ಸಿನಲ್ಲಿ ಕೂರುವುದು. ಕಿಟಕಿ ತೆಗೆಯಲು ಬಾರದ ಬಸ್ಸು.

ಮಗು ಉಳಿಯಿತು, ಬೆಳೆಯಿತು. ಅಕ್ಕ ವಾಪಸಾದವರು ಆ ಎರಡು ಕೋಣೆಯ ಮನೆಯಲ್ಲೇ ಉಳಿದರು. ಎರಡು ತಿಂಗಳು ಕಳೆದು ತಾಯಿ ಮಗು ಹೊರಟ ಮೇಲೆ ಇನ್ನೊಬ್ಬಳು ಬಂದಳು, ಹಟ್ಟಿಯ ಇನ್ನೊಂದು ಮನೆಯ ಸೊಸೆ. ಅವಳನ್ನು ಬಿಟ್ಟು ಹೋದ ಅತ್ತೆ, "ಡಾಕ್ಟ್ರು ಆಸ್ಪತ್ರೆ ಹತ್ರಾನೇ ಇರು ಅಂದವ್ರೆ, ಅದಕ್ಕೆ" ಎಂದು ಹಟ್ಟಿಯಲ್ಲಿ ಹೇಳಿಕೊಂಡಳಂತೆ. ಹೀಗೆ ಏನಾದರೊಂದು ನೆಪ ಹೇಳಿಕೊಂಡು ಒಬ್ಬಳಾದ ಮೇಲೆ ಒಬ್ಬಳು ಬರತೊಡಗಿದರು. ನೆಪ ಹುಡುಕಿಕೊಡುತ್ತಿದ್ದವರೂ ಬಹಳ ಸಲ ಅಕ್ಕನೇ. ಯಾರನ್ನೂ ಬನ್ನಿ ಎಂದು ಕರೆಯಲಿಲ್ಲ, ಯಾರಿಗೂ ಭಾಷಣ ಮಾಡಲಿಲ್ಲ.

ಭಾನುವಾರ ಮಾತ್ರ ಬೆಳಗಿನ ಬಸ್ಸಿಗೆ ಹೊರಟು, ಶಾಲೆಯ ಹತ್ತಿರ ಇಳಿದು, ಹಟ್ಟಿಗೆ ನಡೆಯುತ್ತಿದ್ದರು. ಒಂದೆರಡು ಸಲ ನಾನೂ ಹೋಗಿದ್ದೆ. ಬೇಲಿಯ ಈಚೆ ಜಾಲಿಮರದ ಕೆಳಗೆ ಇವರು, ಆಚೆ ಅವ್ವ. ಮಧ್ಯೆ ಮಾರುದ್ದ ಮುಳ್ಳು. ಅವ್ವ ಮುದ್ದೆ ಸಾರು ತಂದು ಬೇಲಿಯ ಬಾಯಲ್ಲಿಟ್ಟು ಹಿಂದೆ ಸರಿಯುತ್ತಿದ್ದರು, ಇವರು ಎತ್ತಿಕೊಂಡು ಊಟ ಮಾಡಿ, ತಟ್ಟೆ ತೊಳೆದು ಅಲ್ಲೇ ಇಡುತ್ತಿದ್ದರು. ಕುರಿ ಮಾರಿದ್ದು, ಮೊಣಕಾಲು ನೋವು, ಯಾರ ಮನೆಯ ನಿಶ್ಚಿತಾರ್ಥ, ಎಲ್ಲ ಮಾತಾಡುತ್ತಿದ್ದರು. ಆ ಒಂದು ವಿಷಯ ಮಾತ್ರ ಇಬ್ಬರೂ ಎತ್ತುತ್ತಿರಲಿಲ್ಲ. ನನಗೆ ನೋಡಲಾಗುತ್ತಿರಲಿಲ್ಲ. "ಒಂದು ಹೆಜ್ಜೆ ಇಟ್ಟುಬಿಡಿ ಅಕ್ಕಾ, ಏನು ಮಾಡ್ತಾರೆ ನೋಡೇಬಿಡೋಣ" ಎಂದರೆ, "ಅವಳು ಒಂದು ಮಾತು ಬುಟ್ಕೊಟ್ಟಳು, ನಾನೊಂದು ಬುಟ್ಕೊಡಬ್ಯಾಡ್ವಾ?" ಅನ್ನುತ್ತಿದ್ದರು.

ಹೋದ ಆಷಾಢದಲ್ಲಿ ಎದೆನೋವು ಎಂದು ಆಸ್ಪತ್ರೆ ಸೇರಿದ ಅಕ್ಕ ಎರಡೇ ದಿನಕ್ಕೆ ಹೋದರು. ತಮ್ಮನ ಹೊಲದಲ್ಲಿ ಮಣ್ಣು ಮಾಡಿದರು. ಅವ್ವ ಮೊಮ್ಮಗಳ ಭುಜ ಹಿಡಿದುಕೊಂಡು ಬೇಲಿ ದಾಟಿ ಹೊಲಕ್ಕೆ ಬಂದರು. ಅಳಲಿಲ್ಲ. ಕಣ್ಣು ಮಂಜಾಗಿದ್ದರಿಂದ ನಾನು ಯಾರೆಂದು ಕೇಳಿ ತಿಳಿದು, ನನ್ನ ಮುಂಗೈ ಹಿಡಿದುಕೊಂಡರು. "ಹುಟ್ಟಿದಾಗ್ಲಿಂದ ನಾನು ಯೋಳಿದ್ದಕ್ಕೆಲ್ಲ ಹೂಂ ಅಂದ್ಲು. ಅದೊಂದ್ಸಲ ಮಾತ್ರ ಕೇಳ್ಲಿಲ್ಲ. ಒಳಕ್ಕೆ ಬರಬ್ಯಾಡ ಅಂದ್ನಲ್ಲ, ಅದನ್ನೂ ಕೇಳ್ದಂಗೆ ಬಂದ್ಬುಡಬೋದಿತ್ತಲ್ಲಮ್ಮ" ಅಂದರು. ನಾನು ಆ ಮುದುಕಿಯನ್ನು ದ್ವೇಷಿಸಿಕೊಂಡು ಹೋಗಿದ್ದೆ. ವಾಪಸು ಬರುವಾಗ ಹಾಗೆ ಇರಲಾಗಲಿಲ್ಲ.

ಅದಾದ ಇಪ್ಪತ್ತು ದಿನಕ್ಕೆ, ಒಂದು ಮಧ್ಯಾಹ್ನ, ನಮ್ಮ ಮನೆಯ ಗೇಟಿನ ಸದ್ದಾಯಿತು. ಹೊರಗೆ ಒಬ್ಬ ಹುಡುಗಿ, ಇಪ್ಪತ್ತು ಇಪ್ಪತ್ತೊಂದರವಳು, ಕಂಬಳಿ ಚೂರಿನಲ್ಲಿ ಸುತ್ತಿದ ಮಗು ಎತ್ತಿಕೊಂಡು ನಿಂತಿದ್ದಳು. ಆಸ್ಪತ್ರೆಯಿಂದ ಆಗಷ್ಟೇ ಬಿಟ್ಟಿದ್ದರು. ಅಕ್ಕನ ಹಟ್ಟಿಯವಳೇ, ಟೀಚರಮ್ಮ ತೀರಿಕೊಂಡದ್ದು ಗೊತ್ತಿತ್ತು, ಮನೆ ಇರಬಹುದೆಂದು ಓಣಿಗೆ ಹೋಗಿದ್ದಾಳೆ. ಅಲ್ಲಿ ಮನೆಯ ಮಾಲೀಕರು ಬಾಡಿಗೆಗಿದೆ ಎಂದು ಬೋರ್ಡು ಹಾಕಿದ್ದಾರೆ. ಅಕ್ಕಪಕ್ಕದವರು ಟೀಚರಮ್ಮನ ಗೆಳತಿ ಎಂದು ನನ್ನ ಮನೆ ತೋರಿಸಿದ್ದಾರೆ. "ಎಲ್ಲಾರಾ ಒಂದು ರೂಮು ಗೊತ್ತೈತಾ ಅಕ್ಕಾ? ಸಾಯಂಕಾಲದೊಳಗೆ ಆಗ್ಲಿಲ್ಲ ಅಂದ್ರೆ ನಮ್ಮೋರು ಬಂದು ಹಟ್ಟಿಗೆ ಕರ್ಕಂಡೋಯ್ತಾರೆ" ಅಂದಳು.

ಅವಳನ್ನು ಜಗಲಿಯ ಮೇಲೆ ಕೂರಿಸಿ ನೀರು ಕೊಟ್ಟೆ. ನಮ್ಮ ಮನೆಯಲ್ಲಿ ಮೇಲಿನ ಕೋಣೆ ಖಾಲಿಯಿದೆ. ನಡುಮನೆಯಲ್ಲಿ ನಮ್ಮ ಅತ್ತೆ ಕೂತಿದ್ದರು, ಎಂಬತ್ತೈದು ದಾಟಿದವರು. ಅವರ ಪಕ್ಕ ಹೋಗಿ ನಿಂತು, ಮೆಲ್ಲಗೆ ವಿಷಯ ಹೇಳಿದೆ. "ದೇವರಮನೆ ಇರೋ ಮನೇಲಿ ಹತ್ತು ದಿನದ ಸೂತಕಾನಾ? ಯಾರದೋ ಏನೋ" ಅಂದರು ಅತ್ತೆ, ಅಷ್ಟೇ. ನಾನು ಅಲ್ಲೇ ನಿಂತೆ. ಅಕ್ಕನನ್ನು ಅಷ್ಟು ವರ್ಷ ಹಂಗಿಸಿದ ನಾನು, ಮುಟ್ಟಾದಾಗ ಒಂದು ದಿನವೂ ಆ ದೇವರಮನೆಯ ಹೊಸಿಲು ತುಳಿದವಳಲ್ಲ. ಒಂದೇ ಕೋಣೆ ತಾನೆ ಎಂದುಕೊಂಡು, ಯಾರಿಗೂ ಹೇಳದೆ ಇದ್ದೆ. ಅಕ್ಕನಿಗೂ ಹೇಳಿರಲಿಲ್ಲ.

ಹೊರಗೆ ಬಂದು ನೋಡಿದರೆ ಜಗಲಿಯ ಮೇಲೆ ಯಾರೂ ಇಲ್ಲ. ಹುಡುಗಿ ಒಳಗಿನ ಮಾತು ಕೇಳಿಸಿಕೊಂಡು ಗೇಟಿನ ಹೊರಗೆ ಹೋಗಿ ಬಿಸಿಲಲ್ಲಿ ನಿಂತಿದ್ದಳು.

"ಇಲ್ಲೇ ಇರ್ತೀನಿ ಬುಡಿ ಅಕ್ಕಾ, ನಂಗೆ ಅಬ್ಯಾಸ ಐತೆ" ಅಂದಳು.

ನಾನು ಗೇಟು ತೆಗೆದು ಹೋಗಿ ಅವಳ ಕೈಯಿಂದ ಮಗುವನ್ನು ಇಸಿದುಕೊಂಡೆ. ಯಾರನ್ನೂ ಕೇಳದೆ, ಮಗುವನ್ನು ಎದೆಗವಚಿಕೊಂಡು ನಾನೇ ಮೊದಲು ಒಳಗೆ ನಡೆದೆ. ಹಿಂದೆ ಬರದೆ ಆ ತಾಯಿಗೆ ಬೇರೆ ದಾರಿ ಇರಲಿಲ್ಲ.